ಚಿನ್ನತಂಬಿ ನಡೆದ ದಾರಿ

ಕೊಯಮತ್ತೂರಿನಿಂದ ಆನೈಕಟ್ಟಿಗೆ ಹೋಗುವ ದಾರಿಯಲ್ಲಿ, ಬೆಟ್ಟಸಾಲುಗಳ ನಡುವೆ, ತಡಾಗಂ ಕಣಿವೆಯಿದೆ. ತಮಿಳಿನ ತಡಾಗಂ ನಮ್ಮ ತಟಾಕವೇ. ಆದರೆ ಈಚಿನ ದಶಕಗಳಲ್ಲಿ ಈ ಕಣಿವೆ ಹೆಸರಾದುದು ನೀರಿಗಲ್ಲ, ಇಟ್ಟಿಗೆಗೆ. ನೂರಕ್ಕೂ ಹೆಚ್ಚು ಇಟ್ಟಿಗೆಗೂಡುಗಳು ಇಲ್ಲಿ ಉರಿಯುತ್ತಿದ್ದವು. ಕೆಮ್ಮಣ್ಣು ಅಗೆದ ಹೊಲಗಳು ಆಳವಾದ ಹೊಂಡಗಳಾದವು. ಆನೆಗಳು ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತಿದ್ದ ಜಾಡು ತುಂಡಾಯಿತು. ಗೂಡಿನ ಉರುವಲಿಗೆಂದು ತಂದ ತಾಳೆಮರಗಳ ತಿರುಳಾದರೋ ಆನೆಗೆ ಬಲು ಇಷ್ಟ. ದಾರಿ ಕೆಡಿಸಿದವರೇ ಅದರ ಮಗ್ಗುಲಲ್ಲಿ ಊಟವನ್ನೂ ಬಡಿಸಿಟ್ಟಂತಾಯಿತು.

ಶಾಲೆಯ ಪ್ರಬಂಧಗಳಲ್ಲಿ ಮಕ್ಕಳು 'ಕಾಡುಪ್ರಾಣಿಗಳು ನಾಡಿಗೆ ನುಗ್ಗುತ್ತಿವೆ' ಎಂದು ಬರೆಯುವುದುಂಟು. ಪತ್ರಿಕೆಗಳಿಂದ ಕಲಿತ ವಾಕ್ಯವದು. ತಡಾಗಂ ಕಣಿವೆಯಲ್ಲಿ ಯಾರು ಎಲ್ಲಿಗೆ ನುಗ್ಗಿದರೆಂಬುದನ್ನು ಮನೆಯ ಹಿರಿಯರು ಅವರೊಡನೆ ಕುಳಿತು ವಿಚಾರಿಸಬಹುದು.

ಈ ಕಣಿವೆಯಲ್ಲಿ ಅಲೆಯುತ್ತಿದ್ದ ಸಲಗವೊಂದಕ್ಕೆ ಜನ 'ಚಿನ್ನತಂಬಿ', ಅಂದರೆ ಚಿಕ್ಕ ತಮ್ಮ, ಎಂದು ಹೆಸರಿಟ್ಟಿದ್ದರು. ಬೆಳೆ ತಿನ್ನುತ್ತದೆಂಬ ದೂರು ಹೆಚ್ಚಿದಾಗ, 2019ರ ಜನವರಿ 25ರಂದು ಅರಣ್ಯ ಇಲಾಖೆ ಅದಕ್ಕೆ ಅರಿವಳಿಕೆ ಕೊಟ್ಟು ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಆನೈಮಲೆಯ ಟಾಪ್‌ಸ್ಲಿಪ್ ಬಳಿಯ ವರಗಳಿಯಾರ್ ಕಾಡಿನಲ್ಲಿ ಬಿಟ್ಟಿತು. ವಾರದೊಳಗೆ ಅದು ಕಾಡಿಳಿದು ಹೊರಟಿತು. ಸುಮಾರು 100 ಕಿಲೋಮೀಟರ್ ನಡೆದು ತಿರುಪ್ಪೂರು ಜಿಲ್ಲೆಯ ಉಡುಮಲಪೇಟೆಯ ಬಯಲು ಸೇರಿ, ಕೃಷ್ಣಾಪುರದ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲಿ, ಬಳಿಕ ಕಬ್ಬಿನ ಗದ್ದೆಗಳಲ್ಲಿ ನೆಲೆನಿಂತಿತು. ನೋಡಲು ಜನ ನೆರೆದರು. ಅದನ್ನು ಪಳಗಿಸಿ ಕುಮ್ಕಿ ಮಾಡಬಾರದೆಂದು ಕೇಳಿದವರೂ ಇದ್ದರು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಫೆಬ್ರವರಿ 15ರಂದು ಕಣ್ಣಾಡಿಪುತ್ತೂರಿನಲ್ಲಿ ಕಲೀಂ ಮತ್ತು ಸುಯಂಬು ಎಂಬ ಕುಮ್ಕಿಗಳ ನೆರವಿನಿಂದ ಅದನ್ನು ಮತ್ತೆ ಹಿಡಿದು ವರಗಳಿಯಾರ್ ಶಿಬಿರದ ಮರದ ದೊಡ್ಡಿಗೆ ಸೇರಿಸಲಾಯಿತು. ಮುಂದೆ ಚಿನ್ನತಂಬಿ ಕುಮ್ಕಿಯೇ ಆಯಿತು.

ಇದನ್ನು ಆನೆಯ ಮೊಂಡುತನವೆನ್ನಲಾಗದು. ಕಬ್ಬು ಬಾಳೆಗಳ ರುಚಿ ಕಂಡ ಪ್ರಾಣಿಯನ್ನು ಲಾರಿಯಲ್ಲಿ ಬೇರೆ ಕಾಡಿಗೆ ಒಯ್ದ ಮಾತ್ರಕ್ಕೆ ರುಚಿ ಮರೆಯದು. ಹಾಗೆಂದು ರೈತನನ್ನು ದೂರುವುದೂ ನ್ಯಾಯವಲ್ಲ. ವರ್ಷವಿಡೀ ನೀರೆರೆದ ಬಾಳೆತೋಟ ಒಂದೇ ರಾತ್ರಿಯಲ್ಲಿ ನೆಲಸಮವಾದರೆ ಆ ಮನೆಯ ಮಕ್ಕಳ ಶಾಲೆಯ ಖರ್ಚಿಗೂ ಅದರ ಪೆಟ್ಟು ತಟ್ಟುತ್ತದೆ. ಬೆಟ್ಟದ ಬುಡದಲ್ಲಿ ಉಳುವ ಬಡವನು ಆನೆಗೂ ಸಾಲಕ್ಕೂ ನಡುವೆ ಸಿಲುಕಿರುವಾಗ, ನಗರದಲ್ಲಿ ಕುಳಿತು ಪ್ರಾಣಿದಯೆ ಬೋಧಿಸುವುದು ಸುಲಭ. ಆ ನಗರದ ಗೋಡೆಗಳೂ ಇಟ್ಟಿಗೆಯವೇ ತಾನೆ.

ಇದೇ ಜಿಲ್ಲೆಯ ದಕ್ಷಿಣದಲ್ಲಿ, ಕೇರಳದ ಗಡಿಗೆ ಸಾಗುವ ಮದುಕ್ಕರೈ–ವಾಳಯಾರ್ ರೈಲುಮಾರ್ಗವೂ ಆನೆಗಳ ಜಾಡನ್ನು ಸೀಳುತ್ತದೆ. 2021ರ ನವೆಂಬರ್ 26ರ ರಾತ್ರಿ ನವಕ್ಕರೈ ಬಳಿ ಮಂಗಳೂರು–ಚೆನ್ನೈ ರೈಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು. 2024ರ ಫೆಬ್ರವರಿಯಲ್ಲಿ ಅಲ್ಲಿ 12 ಗೋಪುರಗಳ ಮೇಲೆ ಶಾಖ ಗುರುತಿಸುವ ಕ್ಯಾಮೆರಾಗಳು ಕೆಲಸ ಆರಂಭಿಸಿದವು. ಆನೆ ಹಳಿಯ ಸಮೀಪ ಬಂದೊಡನೆ ಅರಣ್ಯ ಸಿಬ್ಬಂದಿಗೂ ರೈಲ್ವೆಯವರಿಗೂ ಸುದ್ದಿ ಮುಟ್ಟುತ್ತದೆ. ರೈಲಿನ ವೇಗ ತಗ್ಗುತ್ತದೆ. ಆನೆಯನ್ನು ಸಾಗಿಸುವ ಬದಲು ನಮ್ಮ ಓಟವನ್ನು ತಡೆಹಿಡಿಯುವ ಈ ಕ್ರಮವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ತಡಾಗಂನ ಇಟ್ಟಿಗೆಗೂಡುಗಳು 2021ರಲ್ಲಿ ಮುಚ್ಚಿದವು. ಅವು ತಣ್ಣಗಾಗುವ ವೇಳೆಗೆ ಚಿನ್ನತಂಬಿ ಶಿಬಿರದಲ್ಲಿ ಮಾವುತನ ಮಾತು ಕಲಿತಾಗಿತ್ತು.