ಚೋಮನ ಎತ್ತುಗಳೂ ನಮ್ಮ ತೀರ್ಪೂ

ಶಿವರಾಮ ಕಾರಂತರ ‘ಚೋಮನ ದುಡಿ’ಯ ಪ್ರಸ್ತಾಪ ಬಂದ ಗೋಷ್ಠಿಗಳಲ್ಲೆಲ್ಲ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ: ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳುಹಿಸಿ, ಎತ್ತುಗಳನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡ ಚೋಮ ಎಂಥ ತಂದೆ? ಕೂಡಲೇ ಮತ್ತೊಬ್ಬರು ಎದ್ದು ಅವನ ಪ್ರಾಣಿದಯೆಯನ್ನು ಕೊಂಡಾಡುತ್ತಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪಲಾರೆವು.

1933ರಲ್ಲಿ ಈ ಕಾದಂಬರಿ ಪ್ರಕಟವಾದಾಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. 1956ರ ಗಡಿರೇಖೆ ಜಿಲ್ಲೆಯನ್ನು ತುಂಡರಿಸಿತು, ನಿಜ. ಆದರೆ ಚೋಮನ ಕತೆ ಅತ್ತ ಕಡೆಯವರದು ಎಂದು ಕೈತೊಳೆದುಕೊಳ್ಳುವ ಸವಲತ್ತನ್ನು ಅದು ನಮಗೆ ಕೊಡಲಿಲ್ಲ.

ಎತ್ತುಗಳನ್ನು ಮಾರಿದ್ದರೆ ಚೋಮನ ಪಾಲಿಗೆ ಏನು ಉಳಿಯುತ್ತಿತ್ತು? ಅಸ್ಪೃಶ್ಯನಾದ ಈ ಆಳು ಎತ್ತುಗಳನ್ನು ಸಾಕಬಹುದು, ಅವುಗಳಿಂದ ತನ್ನದೆನ್ನುವ ಗದ್ದೆಯನ್ನು ಉಳುವಂತಿಲ್ಲ. ಬೇಸಾಯಗಾರನಾಗುವ ಅವನ ಆಸೆಗೆ ಇದ್ದ ಒಂದೇ ಆಧಾರ ಆ ಜೋಡಿ. ಅದನ್ನು ಕೈಬಿಡುವುದೆಂದರೆ ತನ್ನಂತೆ ತನ್ನ ಮಕ್ಕಳೂ ಒಡೆಯರ ಮನೆಯ ಆಳುಗಳಾಗಿಯೇ ಸಾಯಲೆಂದು ಒಪ್ಪಿಕೊಳ್ಳುವುದು. ಎತ್ತೋ ಮಕ್ಕಳೋ ಎಂಬ ತಕ್ಕಡಿಯನ್ನು ಅವನ ಮುಂದೆ ಹಿಡಿದವರು ಯಾರೆಂದು ಮೊದಲು ಕೇಳಬೇಕು. ಒಡೆಯ ಸಂಕಪ್ಪಯ್ಯನ ಮನಸ್ಸು ಒಮ್ಮೆ ಕರಗುತ್ತದೆ. ತಾಯಿ ಬೇಡವೆಂದುದರಿಂದ ಅವನು ಹಿಂದೆ ಸರಿಯುತ್ತಾನೆ. ಆ ಮಾತೃಭಕ್ತಿಯ ಬೆಲೆಯನ್ನು ತೆತ್ತವರು ಚೋಮನ ಮಕ್ಕಳು. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುವಾಗಲೂ ಮೈಲಿಗೆಯ ಭಯ ದಡದಲ್ಲಿದ್ದವರ ಕೈ ಕಟ್ಟಿತ್ತು. ಹೀಗಿರುತ್ತ ತಂದೆತನದ ಪರೀಕ್ಷೆ ಚೋಮನೊಬ್ಬನಿಗೇ ಏಕೆ?

ಪ್ರಾಣಿದಯೆಯ ಮಾತೂ ಅಷ್ಟೇ ಪೊಳ್ಳು. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯಲ್ಲಿ (1968) ಗೋವು ತಾಯಿ; ಆದರೆ ಆ ಪೂಜ್ಯಭಾವ ಬೆಳೆದದ್ದು ಹೊಲಮನೆಯುಳ್ಳ ಗೌಡರ ಅಂಗಳದಲ್ಲಿ. ಚೋಮನಿಗೆ ಎತ್ತು ದೇವರೂ ಅಲ್ಲ, ಮುದ್ದಿನ ವಸ್ತುವೂ ಅಲ್ಲ. ಅದು ಇನ್ನೂ ಕೈಗೂಡದ ಉಳುಮೆ. ಆಸೆ ಸತ್ತ ದಿನ ಅವನು ನೇಗಿಲನ್ನು ಮುರಿದು ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ. ಇದನ್ನು ದಯೆಯೆನ್ನುವವರು ಕಾದಂಬರಿಯ ಕೊನೆಯ ಪುಟಗಳನ್ನು ಓದಿದಂತೆ ತೋರುವುದಿಲ್ಲ.

ಚೋಮನ ಮೇಲೆ ಹೊರಿಸತಕ್ಕ ಅಪರಾಧ ಬೇರೊಂದಿದೆ. ಮನೆಯ ಸಾಲಕ್ಕಾಗಿಯೇ ತೋಟಕ್ಕೆ ಹೋಗಿ ದುಡಿದವಳು ಬೆಳ್ಳಿ. ಅಲ್ಲಿ ಮನ್ವೇಲನ ಕೈಗೆ ಸಿಕ್ಕವಳೂ ಅವಳೇ. ಆ ಸಂಬಂಧ ಕಣ್ಣಿಗೆ ಬಿದ್ದಾಗ ತಂದೆ ಅವಳನ್ನು ಹೊಡೆದು ಮನೆಯಿಂದ ಹೊರಗಟ್ಟುತ್ತಾನೆ. ಊರು ತನ್ನನ್ನು ಗದ್ದೆಯಿಂದ ದೂರವಿಟ್ಟಂತೆಯೇ ಅವನು ಮಗಳನ್ನು ಗುಡಿಸಲಿನಿಂದ ದೂರವಿಟ್ಟ. ಇಲ್ಲಿ ಅವನ ಪರವಾಗಿ ವಾದಿಸಲು ನಮಗೆ ಮನಸ್ಸಿಲ್ಲ, ಕಾರಂತರೂ ವಾದಿಸಿಲ್ಲ. ಎತ್ತುಗಳ ವಿಷಯದಲ್ಲಿ ಅರ್ಧ ಗಂಟೆ ಚರ್ಚಿಸುವ ನಮ್ಮ ಗೋಷ್ಠಿಗಳು ಬೆಳ್ಳಿಗೆ ಐದು ನಿಮಿಷ ಕೊಟ್ಟದ್ದನ್ನು ನಾವಿನ್ನೂ ಕಂಡಿಲ್ಲ.