ಮೀನು ತರುವ ಮೊದಲು ನೀರು ಹದವಾಗಲಿ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಗಾಜಿನ ತೊಟ್ಟಿಯೊಂದು ಖಾಲಿಯಾಗಿ ಅಟ್ಟ ಸೇರಿರುತ್ತದೆ. ಮಕ್ಕಳ ಹಟಕ್ಕೆ ತೊಟ್ಟಿ, ಬಣ್ಣದ ಕಲ್ಲು, ಗಾಳಿ ಪಂಪು, ಗೋಲ್ಡ್ ಫಿಶ್ ಎಲ್ಲವೂ ಒಂದೇ ದಿನ ಪೇಟೆಯಿಂದ ಬಂದಿರುತ್ತವೆ. ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ಸಾಯುತ್ತವೆ. ಸಿದ್ದಾಪುರ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಪಾಲಕರು ವರ್ಷ ವರ್ಷವೂ ಕೇಳುವುದು ಒಂದೇ ಪ್ರಶ್ನೆ: “ನಮ್ಮನೆ ಬಾವಿ ನೀರು ಇಷ್ಟು ಚೊಲೊ ಇದ್ದು, ಮೀನೆಂತಕ್ಕೆ ಸತ್ತೋತು ಅಕ್ಕೋರೆ?”

ಉತ್ತರದ ಅರ್ಧ ಆ ಪ್ರಶ್ನೆಯಲ್ಲೇ ಇದೆ. ಕುಡಿಯಲು ಅಷ್ಟು ಚೆನ್ನಾಗಿರುವ ಮಲೆನಾಡಿನ ತಿಳಿನೀರಿನ ಗುಣವೇ ಹೊಸ ತೊಟ್ಟಿಯ ಮೀನಿಗೆ ಮುಳುವಾಗುತ್ತದೆ. ಉಳಿದರ್ಧ, ನಾವು ಕಾಯದೆ ಬಿಟ್ಟ ಒಂದು ತಿಂಗಳು. ಇವೆರಡನ್ನೂ ಮೀನು ಮಾರುವವರು ಹೇಳಬೇಕು, ಕೊಳ್ಳುವವರು ಕೇಳಿ ತಿಳಿಯಬೇಕು, ಶಾಲೆಗಳು ಕಲಿಸಬೇಕು ಎಂಬುದು ನನ್ನ ಒತ್ತಾಯ.

ಮೊದಲು ಕಾಯುವ ಮಾತು. ಮೀನಿನ ಮೈಯಿಂದ ಅಮೋನಿಯಾ ಕಿವಿರಿನ ಮೂಲಕ ನೀರಿಗೆ ಸೇರುತ್ತಲೇ ಇರುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಹುಟ್ಟುವುದು ಅದೇ. ಹೊಳೆಯಲ್ಲಾದರೆ ಅದು ತೆಳುವಾಗಿ ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅದನ್ನು ಉಂಡು ಬದುಕುವ ಬ್ಯಾಕ್ಟೀರಿಯಾ ಬೇಕು. ನೈಟ್ರೋಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಸ್ಪೈರಾದಂಥವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕಿಳಿದು ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗುತ್ತದೆ. ನೈಟ್ರೇಟ್ ಮಾತ್ರ ಒಂದು ಮಿತಿಯವರೆಗೆ ಮೀನು ತಾಳಿಕೊಳ್ಳುವಂಥದ್ದು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಅದು ಹದ್ದಿನಲ್ಲಿರುತ್ತದೆ, ತೆಗೆದ ನೀರು ಹಿತ್ತಿಲ ಬಸಳೆಗೆ ಗೊಬ್ಬರವಾಗುತ್ತದೆ.

ಈ ಬ್ಯಾಕ್ಟೀರಿಯಾ ಸ್ಪಂಜು, ಜಲ್ಲಿ, ಗಾಜಿಗೆ ಅಂಟಿಕೊಂಡು ಬೆಳೆಯುತ್ತವೆ, ಅದೂ ಬಲು ನಿಧಾನವಾಗಿ. ಸಾಕಷ್ಟು ಆಗಲು 4ರಿಂದ 6 ವಾರ ಬೇಕು. ತೊಟ್ಟಿ ಸಣ್ಣದಾದಷ್ಟೂ ಕಷ್ಟ ಜಾಸ್ತಿ. ಒಂದಡಿ ಉದ್ದ, ಅಗಲ, ಎತ್ತರದ ತೊಟ್ಟಿಗೆ ಹಿಡಿಯುವುದು 28 ಲೀಟರ್ ನೀರು. ಅಷ್ಟರಲ್ಲಿ ಗೋಲ್ಡ್ ಫಿಶ್ ನಾಲ್ಕು ಬಿಟ್ಟರೆ ವಿಷ ತೆಳುವಾಗಲು ಜಾಗವೇ ಇಲ್ಲ.

ಇಷ್ಟು ಎಲ್ಲ ಊರಿಗೂ ಅನ್ವಯ. ನಮ್ಮ ಸೀಮೆಯ ಸಂಗತಿ ಬೇರೆಯೇ ಇದೆ. ಇಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳೇ ಹೆಚ್ಚು. ಆ ಮಳೆ ಮಣ್ಣಿನ ಸುಣ್ಣದಂಶವನ್ನು ಸಾವಿರಾರು ವರ್ಷಗಳಿಂದ ತೊಳೆದು ಒಯ್ದಿದೆ. ಚಿರೆಕಲ್ಲಿನ ಬಾವಿಯ ನೀರಾಗಲಿ, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಾಗಲಿ ಸಾಮಾನ್ಯವಾಗಿ ಮೆದು ನೀರು. ಬಟ್ಟೆ ಒಗೆಯುವವರಿಗೆ ಇದು ಗೊತ್ತು: ಚೂರು ಸಾಬೂನಿಗೇ ರಾಶಿ ನೊರೆ. ಆಮ್ಲದ ಏರಿಳಿತವನ್ನು ತಡೆಯುವ ಕ್ಷಾರತೆ ಇಂಥ ನೀರಿನಲ್ಲಿ ಕಡಿಮೆ.

ಬ್ಯಾಕ್ಟೀರಿಯಾ ತಮ್ಮ ಕೆಲಸಕ್ಕೆ ಈ ಕ್ಷಾರತೆಯನ್ನು ಖರ್ಚು ಮಾಡುತ್ತವೆ. ಅಮೋನಿಯಾ ರೂಪದ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು 7 ಮಿಲಿಗ್ರಾಂ ಕ್ಷಾರತೆ ಹೋಗುತ್ತದೆ. ಲೀಟರಿಗೆ 20 ಮಿಲಿಗ್ರಾಂ ಕ್ಷಾರತೆ ಇರುವ ನೀರು ಮೂರು ಮಿಲಿಗ್ರಾಂ ಸಾರಜನಕ ಕಳೆಯುವುದರೊಳಗೆ ಬರಿದಾಗುತ್ತದೆ. ಆಗ ಪಿಎಚ್ ಇಳಿಯತೊಡಗುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾದ ಕೆಲಸ ಕುಂಟುತ್ತದೆ, ಅಮೋನಿಯಾ ಒಟ್ಟಾಗುತ್ತದೆ. ಹುಳಿ ನೀರಿನಲ್ಲಿ ಅದು ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಹೇಗೋ ಬದುಕಿರುತ್ತದೆ. ಮನೆಯವರು ನೀರು ಮಬ್ಬಾಯಿತೆಂದು ಅರ್ಧಕ್ಕರ್ಧ ತೆಗೆದು, ಪಿಎಚ್ ಹೆಚ್ಚಿರುವ ಬೇರೆ ನೀರು ತುಂಬುತ್ತಾರೆ. ಮರುದಿನ ಬೆಳಿಗ್ಗೆ ಮೀನು ತೇಲುತ್ತಿರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಇದ್ದಾಗ ಒಟ್ಟು ಅಮೋನಿಯಾದಲ್ಲಿ ಕೊಲ್ಲುವ ರೂಪದ್ದು ಪಿಎಚ್ 6ರಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ, 7ರಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, 8ರಲ್ಲಿ ನೂರರಲ್ಲಿ ಐದು ಪಾಲು. ಸ್ವಚ್ಛ ಮಾಡಿದ ಮೇಲೆ ಮೀನು ಸಾಯುವುದರ ಗುಟ್ಟು ಹಲವು ಸಲ ಇದೇ.

ನಮ್ಮ ಪ್ರಯೋಗಾಲಯದಲ್ಲಿ 40 ಲೀಟರ್ ಆಸುಪಾಸಿನ ತೊಟ್ಟಿಯೊಂದಿದೆ. ಅದನ್ನು ಹೊಸದಾಗಿ ಹೂಡಿದಾಗ ಒಂಬತ್ತನೇ ತರಗತಿಯ ಮಕ್ಕಳು ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರು. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಗಾಜಿನ ಕೊಳವೆಗೆ ನೀರು ತೆಗೆದು ಪರೀಕ್ಷೆಯ ಹನಿ ಬಿಟ್ಟರೆ ಮೊದಲು ಹಳದಿ. ದಿನ ಹೋದಂತೆ ಎಲೆಹಸಿರು, ಎಂದರೆ ಅಮೋನಿಯಾ ಏರಿದೆ. ಆಮೇಲೆ ಹಸಿರು ಇಳಿದು ನೈಟ್ರೈಟಿನ ಕೊಳವೆ ನೇರಳೆಯಾಯಿತು. ಅಲ್ಲಿಗೆ ಪಿಎಚ್ ಕಾಗದದ ಬಣ್ಣ ಹುಳಿಯ ಕಡೆ ವಾಲಿತು, ನೇರಳೆ ಇಳಿಯದೆ ನಿಂತಿತು. ಆಗ ಕುಮಟಾ ಕಡೆಯಿಂದ ತಂದಿದ್ದ ಚಿಪ್ಪಿಗಳನ್ನು ಬಿಸಿನೀರಿನಲ್ಲಿ ತೊಳೆದು, ಒಡೆದು, ತೆಳು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಟ್ಟೆವು. ಚಿಪ್ಪಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಾಗ ಕರಗುತ್ತದೆ, ಸರಿಯಾದಾಗ ಸುಮ್ಮನಿರುತ್ತದೆ. ಕೆಲವು ದಿನಗಳಲ್ಲಿ ಕಾಗದದ ಬಣ್ಣ ಮೇಲೇರಿತು, ನೇರಳೆ ಕಳೆದು ತಿಳಿನೀಲಿ ಬಂತು. ಎರಡೂ ಪರೀಕ್ಷೆ ಸೊನ್ನೆ ತೋರಿಸಿದ ಮೇಲೆಯೇ ಮೀನು ಬಂತು.

ಚಿಪ್ಪಿ ಸಿಗದವರು ಅಡುಗೆ ಸೋಡಾ ಬಳಸಬಹುದು. 50 ಲೀಟರ್ ನೀರಿಗೆ ಕಾಲು ಟೀ ಚಮಚ ಹಾಕಿದರೆ ಕ್ಷಾರತೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಏರುತ್ತದೆ. ಮೀನು ಬಿಡುವ ಮೊದಲೇ ಹಾಕಬೇಕು. ಹಳೆಯ, ಆರೋಗ್ಯವಾಗಿರುವ ತೊಟ್ಟಿ ಯಾರ ಮನೆಯಲ್ಲಾದರೂ ಇದ್ದರೆ ಅದರ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದಂತೆ. ಕಾಯುವ ದಿನ ಕಡಿಮೆಯಾಗುತ್ತದೆ. ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆಯಬೇಡಿ. ಶಿರಸಿ ಪೇಟೆಗೆ ಕೆಂಗ್ರೆ ಹೊಳೆ, ಮಾರಿಗದ್ದೆಯಿಂದ ಬರುವ ನೀರಿಗೆ ಕ್ಲೋರಿನ್ ಸೇರಿರುತ್ತದೆ, ಮಳೆಗಾಲದಲ್ಲಿ ಹಳ್ಳಿಯ ಬಾವಿಗೂ ಬ್ಲೀಚಿಂಗ್ ಪೌಡರ್ ಬೀಳುತ್ತದೆ. ಮೀನಿನ ಕಿವಿರಿಗೂ ಬ್ಯಾಕ್ಟೀರಿಯಾಕ್ಕೂ ಅದು ಕೇಡು. ಬಾಯ್ದೆರೆದ ಬಕೆಟಿನಲ್ಲಿ ಒಂದು ದಿನ ಇಟ್ಟ ನೀರು ಬಳಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ತೋಟದ ಮನೆಯವರಿಗೆ ಇನ್ನೊಂದು ಎಚ್ಚರ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತೇವೆ. ಮೈಲುತುತ್ತದ ತಾಮ್ರ ಮೀನಿಗೆ, ಬಸವನಹುಳುವಿಗೆ, ಸೀಗಡಿಗೆ ವಿಷ. ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಕಾಲುವೆಯ ನೀರು ತರಬಾರದು, ಔಷಧಿ ಕದಡಿದ ಬಕೆಟು, ಡ್ರಮ್ಮು ತೊಟ್ಟಿಯ ಹತ್ತಿರವೂ ಬರಬಾರದು. ಅದೇ ಹೊತ್ತಿಗೆ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುತ್ತದೆ. ಫಿಲ್ಟರ್ ನಿಂತರೆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗದು. ಸ್ಪಂಜನ್ನು ತೆಗೆದು ತೊಟ್ಟಿಯಲ್ಲೇ ತೇಲಬಿಡಿ, ಆಗಾಗ ಲೋಟದಿಂದ ನೀರು ಮೊಗೆದು ಎತ್ತರದಿಂದ ಸುರಿಯಿರಿ, ಆಹಾರ ನಿಲ್ಲಿಸಿ.

“ಮಕ್ಕಳ ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ” ಎನ್ನುವವರಿದ್ದಾರೆ. ಮೀನು ಆಟದ ಸಾಮಾನಲ್ಲ. ಉಸಿರುಗಟ್ಟಿ ಸಾಯುವ ಜೀವವನ್ನು ನೋಡುತ್ತ, ಸತ್ತರೆ ಇನ್ನೊಂದು ತಂದರಾಯಿತು ಎಂದು ಮಗು ಕಲಿಯುವುದು ನನಗೆ ಮೀನಿನ ಸಾವಿಗಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ. ಒಂದು ತಿಂಗಳು ಕಾಯಲು ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬುದು ಅಂಗಡಿಯವರ ಅಂಜಿಕೆ. ಆದರೆ ಮೀನು ಸತ್ತು ತೊಟ್ಟಿ ಅಟ್ಟಕ್ಕೇರಿದ ಮನೆಯಿಂದ ಅವರಿಗೆ ಮುಂದೆ ಯಾವ ವ್ಯಾಪಾರವೂ ಇಲ್ಲ. ಮೀನು ಬದುಕಿದ ಮನೆಯವರು ಆಹಾರಕ್ಕೆ, ಗಿಡಕ್ಕೆ, ದೊಡ್ಡ ತೊಟ್ಟಿಗೆ ಮತ್ತೆ ಬರುತ್ತಾರೆ. ಜೊತೆಗೆ ನಮ್ಮ ನೀರಿಗೆ ಹೊಂದುವ ಮೀನನ್ನೇ ಮಾರಲಿ. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾಕ್ಕೆ ಇದು ಒಗ್ಗುತ್ತದೆ. ಮೋಲಿ, ಗಪ್ಪಿಗೆ ಗಡಸು ನೀರೇ ಬೇಕು, ಗೋಲ್ಡ್ ಫಿಶ್‌ಗೆ ಸಣ್ಣ ತೊಟ್ಟಿ ಸಾಲದು.

ಬೇಡವಾದ ಮೀನನ್ನು “ಬದುಕಿಕೊಳ್ಳಲಿ” ಎಂದು ಹೊಳೆಗೆ ಬಿಡುವ ಕರುಣೆಯೂ ತಪ್ಪು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಅಪರೂಪದ ನದಿ. ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿದೆ. ತೊಟ್ಟಿಯ ಗಾಜು ನೆಕ್ಕಲೆಂದು ಮಾರುವ ಸಕ್ಕರ್ ಕ್ಯಾಟ್‌ಫಿಶ್ ದೇಶದ ಹಲವು ಕೆರೆ ಹೊಳೆಗಳಲ್ಲಿ ಈಗಾಗಲೇ ಬೀಡುಬಿಟ್ಟು ಅಲ್ಲಿನ ಮೀನುಗಳ ಅನ್ನ ಕಸಿಯುತ್ತಿದೆ. ಅಘನಾಶಿನಿ, ಶಾಲ್ಮಲಾ, ಬೇಡ್ತಿಗೆ ಆ ಗತಿ ಬರಬಾರದು. ಸಾಕಲಾಗದ ಮೀನನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವ ಕ್ರಮ ಬರಲಿ.

ಮೂರೂ ತಾಲೂಕಿನ ಅಂಗಡಿಯವರು ತೊಟ್ಟಿಯ ಜೊತೆ ಒಂದು ಪುಟದ ಸೂಚನೆ ಕೊಡಲಿ, ಮೀನನ್ನು ತಿಂಗಳು ಕಳೆದ ಮೇಲೆ ಕೊಡಲಿ. ಪ್ರೌಢಶಾಲೆಗಳ ಪ್ರಯೋಗಾಲಯದಲ್ಲಿ ಪಿಎಚ್, ಅಮೋನಿಯಾ, ನೈಟ್ರೈಟ್, ಕ್ಷಾರತೆ ಪರೀಕ್ಷಿಸುವ ಕಿಟ್ ಇರಲಿ. ಊರಿನವರು ಬಾಟಲಿಯಲ್ಲಿ ನೀರು ತಂದರೆ ಮಕ್ಕಳೇ ಪರೀಕ್ಷಿಸಿ ಹೇಳಲಿ. ಮುಂದಿನ ರಜೆಗೆ ತೊಟ್ಟಿ ಕೊಳ್ಳುವ ಯೋಚನೆ ಇರುವವರು ಏಪ್ರಿಲ್ ಮೊದಲ ವಾರ ತೊಟ್ಟಿ ತಂದು ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಪರೀಕ್ಷೆ ಮಕ್ಕಳ ಕೈಗೆ ಕೊಡಿ. ಮೀನು ಮೇ ಮಧ್ಯದಲ್ಲಿ ಬರಲಿ. ಆಗಲೂ ರಜೆ ಉಳಿದಿರುತ್ತದೆ, ಮೀನೂ ಉಳಿಯುತ್ತದೆ.