ಹಾಡಿನ ನೆಲಗಟ್ಟು

ಕಳೆದ ತಿಂಗಳ ಒಂದು ಸಂಜೆ, ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ, ಪರಿಚಿತ ಕೃಷಿಕರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದರು. "ಜಾಗದ ಕೇಸಿನ ವಿಷಯ ಅಲ್ಲ ವಕೀಲರೇ, ಇವಳದ್ದೊಂದು ತಕರಾರು ಉಂಟು" ಎಂದರು. ಹುಡುಗಿ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ. ಶಾಲಾ ವಾರ್ಷಿಕೋತ್ಸವಕ್ಕಾಗಿ ಮಕ್ಕಳದ್ದೇ ಒಂದು ಪುಟ್ಟ ವಾದ್ಯತಂಡ ಸಿದ್ಧವಾಗುತ್ತಿದೆಯಂತೆ. ಹಾಡುವುದಕ್ಕೆ, ಕೀಬೋರ್ಡಿಗೆ, ಡ್ರಮ್ಸಿಗೆ ಮಕ್ಕಳು ಮುಗಿಬಿದ್ದಿದ್ದಾರೆ. ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟುಹೋದ ಬೇಸ್ ಗಿಟಾರ್ ಮಾತ್ರ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಉಳಿದಿತ್ತು. ಸಂಗೀತದ ಅಧ್ಯಾಪಿಕೆ ಅದನ್ನು ಇವಳ ಕೈಗೆ ಕೊಟ್ಟಿದ್ದಾರೆ.

ಹುಡುಗಿಯ ಮೊಕದ್ದಮೆ ಸ್ಪಷ್ಟವಾಗಿತ್ತು. "ಅದು ಯಾರಿಗೂ ಕೇಳುವುದಿಲ್ಲ ಸರ್. ಮೊನ್ನೆ ಅಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಅದರಲ್ಲಿ ನಾನು ಇಲ್ಲವೇ ಇಲ್ಲ. ಕೇಳದ ಮೇಲೆ ಯಾಕೆ ನುಡಿಸಬೇಕು?"

ಕಾನೂನು ವಿದ್ಯಾರ್ಥಿಯಾಗಿದ್ದಾಗ ನಾನು ರಸಮಂಜರಿ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆನೆಂಬುದು, ಈಗಲೂ ಸ್ನೇಹಿತರು ಕರೆದರೆ ವರ್ಷಕ್ಕೊಮ್ಮೆ ವೇದಿಕೆ ಏರುತ್ತೇನೆಂಬುದು ಊರಿನ ಹಲವರಿಗೆ ಗೊತ್ತು. ತಂದೆ ನನ್ನಲ್ಲಿಗೆ ಬಂದದ್ದು ಆ ಕಾರಣಕ್ಕೆ. ಅಂದು ಆ ಮಗುವಿಗೆ ಹೇಳಿದ್ದನ್ನೂ ಸಮಯವಿಲ್ಲದೆ ಹೇಳದೆ ಬಿಟ್ಟದ್ದನ್ನೂ ಈ ವಾರದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಸಂಗೀತದ ಹುಚ್ಚು ಹಿಡಿದ ಮಕ್ಕಳಿರುವ ಹೆತ್ತವರಿಗೆ ಪ್ರಯೋಜನವಾದೀತು.

ಮೊದಲಿಗೆ ಸಾಕ್ಷ್ಯದ ವಿಚಾರಣೆ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ದಪ್ಪ ತಂತಿ 82 ಬಾರಿ. ಅಂದರೆ ಇದು ಒಂದು ಸ್ಥಾಯಿ ಕೆಳಗಿನ ವಾದ್ಯ. ಆ 41ರ ನಾದದ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಅಷ್ಟು ಗಾಳಿಯನ್ನು ಕದಲಿಸುವ ಶಕ್ತಿ ಫೋನಿನೊಳಗಿನ ಉಗುರಿನಷ್ಟು ಸ್ಪೀಕರಿಗೆ ಎಲ್ಲಿಂದ ಬರಬೇಕು? ಮೇಜಿನ ಖಾನೆಯಲ್ಲಿದ್ದ ಹೆಡ್‌ಫೋನನ್ನು ಅದೇ ಫೋನಿಗೆ ಸಿಕ್ಕಿಸಿ ತಂದೆಯ ಕಿವಿಗಿಟ್ಟೆ. ಅವರು ಅರೆನಿಮಿಷ ಕೇಳಿ, "ಹೌದಲ್ಲ, ಕೆಳಗೆ ಒಂದು ನಡೆಯುತ್ತಾ ಉಂಟು" ಎಂದರು. ದೋಷ ಹುಡುಗಿಯದಲ್ಲ, ಸಾಕ್ಷಿಯದು.

ನಮ್ಮ ನಾಡಿನವರಿಗೆ ಈ ವಾದ್ಯದ ಕೆಲಸವನ್ನು ವಿವರಿಸಲು ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆಟ ಮುಗಿಸಿ ಮನೆಗೆ ಹೋಗುವವರು ಭಾಗವತರ ಕಂಠವನ್ನು ಹೊಗಳುತ್ತಾರೆ, ಚೆಂಡೆಯ ಪೆಟ್ಟನ್ನು ಹೊಗಳುತ್ತಾರೆ. ಹಿಂದೆ ಕುಳಿತು ರಾತ್ರಿಯಿಡೀ ಶ್ರುತಿ ಹಿಡಿದವನನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಆದರೆ ಆ ಶ್ರುತಿ ಒಂದು ಕ್ಷಣ ನಿಂತರೆ ಭಾಗವತರು ಎಲ್ಲಿ ನಿಲ್ಲಬೇಕು? ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಹೇಳುತ್ತಾರೆ. ವಾದ್ಯತಂಡದಲ್ಲಿ ಆ ತಾಯಿತಂದೆಯರಿಬ್ಬರೂ ಕೂಡಿ ಸಂಸಾರ ಮಾಡುವ ಮನೆಯೇ ಬೇಸ್ ಗಿಟಾರ್. ಅದು ಗಾಯಕಿಗೆ ನೆಲೆಯ ಸ್ವರವನ್ನೂ ಕೊಡಬೇಕು, ಡ್ರಮ್ಸಿನ ಕಾಲಪೆಟ್ಟಿನ ಜೊತೆಗೂ ನಡೆಯಬೇಕು.

ಈ ವಾದ್ಯದ ಚರಿತ್ರೆಯೂ ಕೇಳಿಸದಿರುವ ಸಂಕಟದಿಂದಲೇ ಆರಂಭವಾಗುತ್ತದೆ. ಹಿಂದೆ ಈ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯವಿತ್ತು. ಹೊರುವುದೂ ಕಷ್ಟ, ಇತರ ವಾದ್ಯಗಳ ಅಬ್ಬರದಲ್ಲಿ ಕೇಳಿಸುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್, 1951ರಲ್ಲಿ ಹೆಗಲಿಗೆ ಹಾಕಿಕೊಳ್ಳುವ, ವಿದ್ಯುತ್ತಿನಿಂದ ನುಡಿಯುವ ನಾಲ್ಕು ತಂತಿಯ ಬೇಸನ್ನು ಮಾರುಕಟ್ಟೆಗೆ ತಂದರು. ನಮ್ಮ ವೀಣೆಯಂತೆ ಅದಕ್ಕೂ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಆದ್ದರಿಂದಲೇ ಅದಕ್ಕೆ 'ಪ್ರಿಸಿಷನ್' ಎಂಬ ಹೆಸರು.

ಯಾರಿಗೂ ಬೇಡವಾಗಿ ಕೈಗೆ ಬಂದ ವಾದ್ಯ ಎಂದು ಹುಡುಗಿ ಕಣ್ಣು ತುಂಬಿಕೊಂಡಾಗ ನಾನು ಮೂವರ ಹೆಸರು ಹೇಳಿದೆ. ಬೀಟಲ್ಸ್ ತಂಡದ ಬೇಸ್ ವಾದಕ 1961ರಲ್ಲಿ ತಂಡ ಬಿಟ್ಟಾಗ ಆ ಸ್ಥಾನ ಉಳಿದವರಿಗೆ ಬೇಡವಾಗಿತ್ತು. ಕೊನೆಗೆ ಒಪ್ಪಿಕೊಂಡವರು ಪಾಲ್ ಮೆಕಾರ್ಟ್ನಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ, ಅಗ್ಗವೆಂಬ ಕಾರಣಕ್ಕೆ, ಪಿಟೀಲಿನ ಆಕಾರದ ಹಗುರ ಹಾಫ್ನರ್ ಬೇಸನ್ನು ಕೊಂಡರು. ಜಗತ್ತು ಅವರನ್ನು ಆ ವಾದ್ಯದೊಡನೆಯೇ ಗುರುತಿಸಿತು. ಲಾಸ್ ಏಂಜಲೀಸಿನ ಕ್ಯಾರೊಲ್ ಕೇ ಎಂಬ ಗಿಟಾರ್ ವಾದಕಿ, 1963ರಲ್ಲಿ ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದ ದಿನ ಅದನ್ನು ಕೈಗೆತ್ತಿಕೊಂಡರು. ಮುಂದೆ ಅಮೆರಿಕದ ಸಾವಿರಾರು ಧ್ವನಿಮುದ್ರಣಗಳಲ್ಲಿ ಅವರ ಬೇಸ್ ನುಡಿಯಿತು. ಮೂರನೆಯವರು ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್ಸನ್. 1960ರ ದಶಕದ ಎಷ್ಟೋ ಜನಪ್ರಿಯ ಹಾಡುಗಳಿಗೆ ಆಧಾರವಾಗಿದ್ದರೂ ತಟ್ಟೆಗಳ ಮೇಲೆ ಅವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಸಂಪುಟವೊಂದರಲ್ಲಿ ವಾದ್ಯಗಾರರ ಹೆಸರು ಅಚ್ಚಾದಾಗಲೇ ಕೇಳುಗರಿಗೆ ಅವರ ಪರಿಚಯವಾದದ್ದು.

ಜೇಮರ್ಸನ್ ಅವರ ಸಲಕರಣೆಯ ಕಥೆಯನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. ಅವರ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್. ನಯವಾದ ಮೇಲ್ಮೈಯ ದಪ್ಪ ತಂತಿಗಳು. ತುಂಡಾಗದ ಹೊರತು ಅವುಗಳನ್ನು ಬದಲಿಸುತ್ತಿರಲಿಲ್ಲ. ಬಲಗೈಯಲ್ಲಿ ತೋರುಬೆರಳು ಒಂದೇ. ಇಂದು ಅಂಗಡಿಯವರು ಹೇಳುವ ಯಾವ ಸೌಕರ್ಯವೂ ಇಲ್ಲದೆ ಅವರು ನುಡಿಸಿದರು.

ನಾನು ಈ ಪಾಠವನ್ನು ಕಲಿತದ್ದು ಅವಮಾನದ ಮೂಲಕ. ಕಾನೂನು ಪದವಿಯ ಎರಡನೆಯ ವರ್ಷದಲ್ಲಿ, ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ, ಮಿನುಗುವ ಐದು ತಂತಿಯ 'ಆಕ್ಟಿವ್' ಬೇಸೊಂದನ್ನು ಕೊಂಡಿದ್ದೆ. ಅದರೊಳಗೆ ಧ್ವನಿಯನ್ನು ತಿದ್ದುವ ಪುಟ್ಟ ವಿದ್ಯುನ್ಮಂಡಲ, ಅದಕ್ಕೆ 9 ವೋಲ್ಟಿನ ಬ್ಯಾಟರಿ. ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಕ್ಕಳ ನೃತ್ಯಕ್ಕೆ ನಮ್ಮ ತಂಡ ನುಡಿಸುತ್ತಿತ್ತು. ಮೂರನೆಯ ಹಾಡಿನ ನಡುವೆ ನನ್ನ ವಾದ್ಯ ಕರಕರ ಎಂದು ಅತ್ತು ಮೌನವಾಯಿತು. ಕೇಬಲ್ ಎಳೆದೆ, ಗುಂಡಿ ತಿರುಗಿಸಿದೆ, ಪ್ರಯೋಜನವಾಗಲಿಲ್ಲ. ಗಾಯಕನ ಸ್ವರ ಅಲುಗಿತು. ವೇದಿಕೆಯ ಮೇಲಿದ್ದ ಪುಟ್ಟ ಮಕ್ಕಳ ಹೆಜ್ಜೆ ತಪ್ಪಿತು. ಮುಂದಿನ ಸಾಲಿನ ಒಂದು ಮಗು ನಿಂತು ಅಳತೊಡಗಿತು. ಕಾರ್ಯಕ್ರಮದ ಬಳಿಕ ನಿವೃತ್ತ ಚಿತ್ರಕಲಾ ಅಧ್ಯಾಪಕರೊಬ್ಬರು ಹತ್ತಿರ ಬಂದು, "ಎಂತ ಆಯ್ತು ಮಾರಾಯ? ಹಾಡಿನ ಅಡಿಯ ನೆಲವೇ ಹೋದ ಹಾಗಾಯ್ತಲ್ಲ" ಎಂದರು. ಯಾವ ವಾದ್ಯ ನಿಂತಿತೆಂದು ಅವರಿಗೆ ತಿಳಿದಿರಲಿಲ್ಲ. ಏನೋ ಇಲ್ಲವಾಯಿತೆಂದು ಮಾತ್ರ ಗೊತ್ತಾಗಿತ್ತು.

ಕಾರಣ ಸರಳ. ಇಂಥ ವಾದ್ಯಕ್ಕೆ ಕೇಬಲ್ ಸಿಕ್ಕಿಸಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನುಡಿಸದಿದ್ದರೂ. ನಾನು ಹಿಂದಿನ ರಾತ್ರಿಯ ಅಭ್ಯಾಸದ ಬಳಿಕ ಕೇಬಲ್ ತೆಗೆದಿರಲಿಲ್ಲ. ಅಪರಾಧಿ ನಾನೇ.

ಅಂದಿನಿಂದ ನನ್ನ ಆಯ್ಕೆ ಬದಲಾಯಿತು. ಈಗ ನನ್ನಲ್ಲಿರುವುದು ಬ್ಯಾಟರಿಯಿಲ್ಲದ ನಾಲ್ಕು ತಂತಿಯ ಬೇಸ್, ಧ್ವನಿಯ ಪ್ರಮಾಣಕ್ಕೊಂದು ಗುಂಡಿ, ನಾದದ ಬಣ್ಣಕ್ಕೊಂದು ಗುಂಡಿ. ಐದನೆಯ ತಂತಿ ಸೆಕೆಂಡಿಗೆ 31 ಕಂಪನದವರೆಗೆ ಇಳಿಯುತ್ತದೆ ನಿಜ. ಆದರೆ ಜಾತ್ರೆಯ ಗದ್ದೆಯಲ್ಲೂ ಶಾಲೆಯ ಅಂಗಳದಲ್ಲೂ ಬಾಡಿಗೆಗೆ ಬರುವ ಸ್ಪೀಕರುಗಳಲ್ಲಿ ಅದು ಸ್ವರವಾಗಿ ಕೇಳಿಸುವುದು ಅಪರೂಪ, ಬರಿಯ ಗುಡುಗಾಗುತ್ತದೆ. ತಂತಿಯಲ್ಲಿ ಎರಡು ಬಗೆ. ಸುರುಳಿ ಉರುಟಾಗಿರುವ ರೌಂಡ್‌ವೌಂಡ್ ತಂತಿಗೆ ಝೇಂಕಾರ ಹೆಚ್ಚು, ಬೆರಳಿಗೆ ಒರಟು. ಚಪ್ಪಟೆ ಸುರುಳಿಯ ಫ್ಲಾಟ್‌ವೌಂಡ್ ತಂತಿ ಮೃದುವಾಗಿ, ಗುಂಡಗೆ ನುಡಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಹಳೆಯ ಚಿತ್ರಗೀತೆಗಳನ್ನು ನುಡಿಸುವ ನನಗೆ ಎರಡನೆಯದೇ ಪ್ರಿಯ.

ಮಕ್ಕಳಿಗೆ ಕೊಳ್ಳುವವರು ಮೊದಲು ಅಳತೆ ನೋಡಬೇಕು. ಸಾಮಾನ್ಯ ಬೇಸಿನಲ್ಲಿ ತಂತಿ ಕಂಪಿಸುವ ಭಾಗದ ಉದ್ದ 34 ಇಂಚು. ಪುಟ್ಟ ಕೈಗಳಿಗೆ 30 ಇಂಚಿನವೂ ದೊರೆಯುತ್ತವೆ. ವಾದ್ಯದ ಭಾರ ನಾಲ್ಕು ಕಿಲೋ ಆಸುಪಾಸು ಇರುವುದರಿಂದ ಅಗಲದ ಹೆಗಲಪಟ್ಟಿ ಅವಶ್ಯ. ಎರವಲು ಸಿಗುವುದಾದರೆ ಮೊದಲ ವರ್ಷ ಎರವಲೇ ಸಾಕು. ಹಳೆಯದನ್ನು ಕೊಳ್ಳುವಾಗ ಕತ್ತಿನ ಭಾಗ ಬಾಗಿಲ್ಲವೇ, ಮೆಟ್ಟಿಲುಗಳು ಸವೆದಿಲ್ಲವೇ, ಗುಂಡಿ ತಿರುಗಿಸಿದರೆ ಕರಕರ ಎನ್ನುವುದಿಲ್ಲವೇ ಎಂದು ಪರೀಕ್ಷಿಸಿ. ಸಾಲ ಮಾಡಿ ಹೊಸದನ್ನು ಕೊಳ್ಳುವುದು ಖಂಡಿತ ಬೇಡ.

ವೇದಿಕೆಯ ಮೇಲೆ ಬೇಸ್ ವಾದಕನ ಸ್ಥಾನ ಡ್ರಮ್ಸಿನ ಪಕ್ಕ. ಡ್ರಮ್ಸ್ ನುಡಿಸುವವನ ಬಲಗಾಲನ್ನು ನೋಡುತ್ತಿರಬೇಕು; ಆ ಪೆಟ್ಟೂ ನಮ್ಮ ಸ್ವರವೂ ಒಂದೇ ಬಾಯಿಂದ ಬಂದಂತಿರಬೇಕು. ಕೀಬೋರ್ಡಿನವರು ಎಡಗೈಯಲ್ಲಿ ಅದೇ ತಗ್ಗಿನ ಸ್ವರಗಳನ್ನು ಒತ್ತುತ್ತಿದ್ದರೆ ವಿನಯದಿಂದ ಎಡಗೈ ಮೇಲೆತ್ತುವಂತೆ ಕೇಳಿಕೊಳ್ಳಿ, ಇಲ್ಲವಾದರೆ ಎರಡೂ ಕಲಸಿ ಕೆಸರಾಗುತ್ತದೆ. ಹತ್ತಿರ ಒಂದು ಚಿಕ್ಕ ಆಂಪ್ಲಿಫೈಯರ್ ಇದ್ದರೆ ನಮಗೆ ನಾವು ಕೇಳಿಸುತ್ತೇವೆ. ಸಭೆಗೆ ಕೇಳಿಸಲು ಡಿಐ ಬಾಕ್ಸ್ ಎಂಬ ಚಿಕ್ಕ ಪೆಟ್ಟಿಗೆಯ ಮೂಲಕ ಮಿಕ್ಸರಿಗೆ ಕೊಡುವುದು ಉತ್ತಮ ಕ್ರಮ. ಚೀಲದಲ್ಲಿ ಇನ್ನೊಂದು ಕೇಬಲ್ ಸದಾ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ವಾದ್ಯದ ಲೋಹದ ತಂತಿಗಳು ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತವೆ. ಅರ್ತಿಂಗ್ ಸರಿಯಿಲ್ಲದೆ, ಆಂಪ್ಲಿಫೈಯರಿಗೂ ಮೈಕಿಗೂ ಬೇರೆ ಬೇರೆ ಲೈನಿನಿಂದ ವಿದ್ಯುತ್ ಬಂದಿದ್ದರೆ, ಬೆರಳು ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಆಘಾತವಾಗಬಹುದು. ಮಳೆ ಬಿದ್ದ ಅಂಗಳದಲ್ಲಿ ಅದು ಪ್ರಾಣಾಪಾಯ. ವೇದಿಕೆಯ ಸಲಕರಣೆಗಳೆಲ್ಲ ಸರಿಯಾದ ಅರ್ತಿಂಗ್ ಇರುವ ಒಂದೇ ಲೈನಿನಲ್ಲಿರಲಿ, ಸೋರಿಕೆಯಾದೊಡನೆ ವಿದ್ಯುತ್ ಕಡಿದುಹಾಕುವ ಇಎಲ್‌ಸಿಬಿ ಇರಲಿ. ಮಕ್ಕಳು ವೇದಿಕೆ ಏರುವ ಮೊದಲು ಇದನ್ನು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸುವುದು ರಕ್ಷಕ ಶಿಕ್ಷಕ ಸಂಘದ ಕರ್ತವ್ಯ.

ವಕೀಲನಾಗಿ ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಅದನ್ನು ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿ 12ರ ತನಕ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ತಗ್ಗಿನ ನಾದ ಗೋಡೆಯನ್ನು ದಾಟಿ ದೂರ ಹೋಗುವುದರಿಂದ ನೆರೆಮನೆಯ ರೋಗಿಗೂ ಪರೀಕ್ಷೆಗೆ ಓದುವ ಮಗುವಿಗೂ ಮೊದಲು ತಲಪುವುದು ಬೇಸೇ. ಅದು ಕೇಳಿಸುವುದಿಲ್ಲವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಪ್ರತಿವಾದ ಬೇಕೇ?

ಅಂದು ಹೊರಡುವಾಗ ಹುಡುಗಿಗೆ ಎರಡು ಮನೆಕೆಲಸ ಕೊಟ್ಟೆ. ಒಂದು, 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಅವರು ಸಂಯೋಜಿಸಿದ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಬೇಕು, ಗಾಯಕರನ್ನು ಬಿಟ್ಟು ಕೆಳಗಿನ ಬೇಸನ್ನೇ ಹಿಂಬಾಲಿಸಬೇಕು. ಎರಡು, ಮುಂದಿನ ಅಭ್ಯಾಸದಲ್ಲಿ, ಅಧ್ಯಾಪಿಕೆಗೆ ಮಾತ್ರ ತಿಳಿಸಿ, ಎರಡನೆಯ ಚರಣದಲ್ಲಿ ಎಂಟು ಎಣಿಕೆಯಷ್ಟು ಹೊತ್ತು ಕೈ ನಿಲ್ಲಿಸಬೇಕು.

ವಾರದ ಬಳಿಕ ತಂದೆಯ ಫೋನ್ ಬಂತು. ಜಾಗದ ಕೇಸಿನ ತಾರೀಕು ಕೇಳಿದ ಮೇಲೆ ಹೇಳಿದರು: "ಇವಳು ಕೈ ನಿಲ್ಲಿಸಿದ್ದೇ ತಡ, ಹಾಡುವ ಹುಡುಗಿ ಹಿಂದೆ ತಿರುಗಿ ನೋಡಿದಳಂತೆ. ಡ್ರಮ್ಸಿನ ಹುಡುಗನೂ ನೋಡಿದನಂತೆ. ಈಗ ಗಿಟಾರನ್ನು ಮನೆಗೇ ತಂದಿದ್ದಾಳೆ, ಅಡಿಕೆ ಸುಲಿಯುವಲ್ಲಿ ಕೂತು ನುಡಿಸ್ತಾಳೆ."

ವಾರ್ಷಿಕೋತ್ಸವಗಳ ಕಾಲ ಬರುತ್ತಿದೆ. ನಿಮ್ಮ ಮಕ್ಕಳ ಶಾಲೆಯ ತಂಡದಲ್ಲಿಯೂ ಹಿಂದೆ ನಿಂತ ಒಂದು ಮಗು ನಾಲ್ಕು ದಪ್ಪ ತಂತಿಗಳ ವಾದ್ಯ ಹಿಡಿದಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಿ, 'ನೀನು ನುಡಿಸಿದ್ದು ಕೇಳಿಸಿತು ಮಗೂ' ಎಂದು ಒಂದು ಮಾತು ಹೇಳಿ ಬನ್ನಿ.